ಹಿಂದಿನ ಬಲಗಡೆಯ ಇಂಡಿಕೇಟರ್

ಎಲ್ಲರ ಬೈಕಿನ ಹಾಗೆ ನನ್ನದಕ್ಕೂ ನಾಲ್ಕು ಇಂಡಿಕೇಟರ್. ಕೈಕೊಡುವುದು ಮಾತ್ರ ಯಾವಾಗಲೂ ಒಂದೇ, ಹಿಂದಿನ ಬಲಗಡೆಯದು. ಅಂಕೋಲಾದಲ್ಲಿ ಮನೆ, ಕಾರವಾರದ ಕಡೆ ಶಾಲೆ, ನಡುವೆ ಹೆದ್ದಾರಿ 66. ಜೂನ್‌ನಲ್ಲಿ ಮಳೆ ಹಿಡಿದರೆ ಆಗಸ್ಟ್ ಹೊತ್ತಿಗೆ ಆ ಒಂದು ದೀಪ ಮಂಕಾಗುತ್ತದೆ. ಆಮೇಲೆ ಅದಕ್ಕೆ ಮನಸ್ಸು ಬಂದಾಗ ಮಿಣುಕುತ್ತದೆ. ಚೌತಿ ಬರುವಷ್ಟರಲ್ಲಿ ಪೂರ್ತಿ ಬಂದ್. ಬಲ್ಬ್ ಬದಲಿಸಿದರೆ ಸ್ವಲ್ಪ ದಿನ ಸರಿ ಇರುತ್ತದೆ, ಮತ್ತೆ ಅದೇ ಹಾಡು. ಗಾಡಿ ಎಲ್ಲೂ ಬಿದ್ದಿಲ್ಲ, ಯಾರೂ ಗುದ್ದಿಲ್ಲ. ಎಂಜಿನ್ ಗಟ್ಟಿ ಇದೆ, ಚೈನ್ ಗಟ್ಟಿ ಇದೆ. ಈ ಸಣ್ಣ ದೀಪ ಮಾತ್ರ ಯಾಕೆ ನಿಲ್ಲುವುದಿಲ್ಲ ಎನ್ನುವುದು ತಲೆ ತಿನ್ನುತ್ತಿತ್ತು.

ಸುಮ್ನೆ ಇರಲಾಗದೆ ಬೇರೆಯವರ ಗಾಡಿ ನೋಡಲು ಶುರು ಮಾಡಿದೆ. ನಮ್ಮ ಕರಾವಳಿಯಲ್ಲಿ ಇದು ಒಂಥರಾ ಊರ ಕಾಯಿಲೆ ಅಂತ ಗೊತ್ತಾಯಿತು. ಎಲ್ಲಕ್ಕಿಂತ ಕೆಟ್ಟ ಸ್ಥಿತಿ ಮೀನು ಮಾರುವವರ ಗಾಡಿಗಳದ್ದು. ಹಿಂದೆ ಕ್ರೇಟ್ ಕಟ್ಟಿರುತ್ತಾರೆ. ಐಸು ಕರಗಿ, ಮೀನಿನ ಉಪ್ಪು ನೀರು ಸೇರಿ, ದಾರಿಯುದ್ದಕ್ಕೂ ತೊಟ್ಟಿಕ್ಕುತ್ತದೆ. ಅದು ನೇರವಾಗಿ ಬೀಳುವುದು ನಂಬರ್ ಪ್ಲೇಟಿನ ಮೇಲೆ, ಮತ್ತೆ ಅದರ ಎರಡೂ ಪಕ್ಕದ ಇಂಡಿಕೇಟರ್ ಮೇಲೆ. ಅಂಥ ಗಾಡಿಯ ಹಿಂದಿನ ದೀಪ ಎರಡೂ ಹತ್ತುವುದನ್ನು ನಾನು ನೋಡಿದ್ದು ಬಹಳ ಕಡಿಮೆ. ಅವರಲ್ಲಿ ಹೆಚ್ಚಿನವರು ಕೈ ತೋರಿಸಿಯೇ ತಿರುಗುತ್ತಾರೆ. ಹಗಲಲ್ಲಿ ಅದು ನಡೆಯುತ್ತದೆ ಬಿಡಿ.

ರಾತ್ರಿ ನಡೆಯುವುದಿಲ್ಲ. ಹೆದ್ದಾರಿ ಫೋರ್‌ಲೇನ್ ಆದಮೇಲೆ ಬಲಕ್ಕೆ ತಿರುಗುವುದೇ ಒಂದು ಸಾಹಸ. ಮೊದಲಾದರೆ ನಿಧಾನ ಮಾಡಿ, ಎದುರಿನವರನ್ನು ಬಿಟ್ಟು, ದಾಟುತ್ತಿದ್ದೆವು. ಈಗ ಡಿವೈಡರ್ ಎಲ್ಲಿ ತೆರೆದಿದೆಯೋ ಅಲ್ಲಿಗೆ ಮುಂಚೆ ಎಡದಿಂದ ಬಲದ ಲೇನಿಗೆ ಹೋಗಬೇಕು. ಅಲ್ಲಿ ಹಿಂದಿನಿಂದ ಟ್ಯಾಂಕರ್ ಬರುತ್ತಿರುತ್ತದೆ, ಗೋವಾ ಕಡೆಯ ಕಾರು ಬರುತ್ತಿರುತ್ತದೆ. ಅವರಿಗೆ ನಾವು ಹೇಳಬಹುದಾದ ಮಾತು ಅಂದರೆ ಆ ಒಂದು ಕಿತ್ತಳೆ ದೀಪ. ಅದೇ ಹಿಂದಿನ ಬಲಗಡೆಯದು.

ಒಂದು ಸಂಜೆ ಅವರ್ಸಾ ಹತ್ತಿರ ನನ್ನ ಮುಂದೆ ಒಂದು ಬೈಕ್ ಹೋಗುತ್ತಿತ್ತು. ಮಳೆ ಜೋರಾಗಿತ್ತು. ಓಡಿಸುವವರು ರೇನ್‌ಕೋಟ್ ಹಾಕಿದ್ದರು, ಹಿಂದೆ ಕೂತ ಹೆಂಗಸು ಕೊಡೆ ಹಿಡಿಯಲು ಒದ್ದಾಡುತ್ತಿದ್ದರು. ಗಾಡಿ ನಿಧಾನವಾಗಿ ಬಲಕ್ಕೆ ಸರಿಯತೊಡಗಿತು. ಹಿಂದೆ ಏನೂ ಮಿಣುಕಲಿಲ್ಲ. ನನ್ನ ಪಕ್ಕದಿಂದ ಬಂದ ಲಾರಿಯವನು ಹಾರ್ನ್ ಒತ್ತಿ ಹಿಡಿದ, ಬ್ರೇಕ್ ಹಾಕಿದ, ಹೇಗೋ ತಪ್ಪಿತು. ಆಚೆ ಬದಿ ಅವರು ನಿಲ್ಲಿಸಿದಾಗ ನಾನೂ ಹೋಗಿ ನಿಂತೆ. "ಅಣ್ಣ, ನಿಮ್ಮ ಹಿಂದಿನ ಇಂಡಿಕೇಟರ್ ಹತ್ತುವುದಿಲ್ಲ" ಅಂದೆ. ಅವರಿಗೆ ಸಿಟ್ಟೇ ಬಂತು. "ಹಾಕೇ ಇದ್ದೆ ಮಾರಾಯ್ರೆ, ನೋಡಿ ಬೇಕಾದ್ರೆ" ಅಂತ ಮುಂದಕ್ಕೆ ಬಗ್ಗಿ ಮುಂದಿನ ದೀಪ ತೋರಿಸಿದರು. ಅದು ಚೆನ್ನಾಗಿಯೇ ಮಿಣುಕುತ್ತಿತ್ತು. ಮೀಟರ್ ಮೇಲಿನ ಹಸಿರು ಬಾಣವೂ ಮಿಣುಕುತ್ತಿತ್ತು. ಹಿಂದೆ ಬಂದು ನೋಡಿದ ಮೇಲೆ ಸುಮ್ಮನಾದರು.

ಅವರನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಹಾರ್ನ್ ಹಾಳಾದರೆ ನಮಗೆ ತಕ್ಷಣ ಗೊತ್ತಾಗುತ್ತದೆ. ಹೆಡ್‌ಲೈಟ್ ಹೋದರೆ ಮನೆ ಮುಟ್ಟುವುದೇ ಕಷ್ಟ. ಹಿಂದಿನ ಇಂಡಿಕೇಟರ್ ಹಾಳಾದರೆ ಓಡಿಸುವವನಿಗೆ ಏನೂ ಆಗುವುದಿಲ್ಲ, ಏನೂ ಕಾಣುವುದಿಲ್ಲ. ಗಾಡಿಯಲ್ಲಿ ಪೂರ್ತಿ ಬೇರೆಯವರಿಗಾಗಿ ಇರುವ ಸಾಮಾನು ಅದು. ಹಾಗಾಗಿ ಅದು ಎಷ್ಟು ವರ್ಷ ಬಾಳುತ್ತದೆ ಅನ್ನುವುದಕ್ಕಿಂತ, ಅದು ಸತ್ತಾಗ ನಮಗೆ ತಿಳಿಯುತ್ತದೆಯೋ ಇಲ್ಲವೋ ಅನ್ನುವ ಪ್ರಶ್ನೆ ನನ್ನನ್ನು ಜಾಸ್ತಿ ಕಾಡತೊಡಗಿತು.

ಘಟ್ಟದ ಮೇಲಿನ ಗಾಡಿ

ಶಿರಸಿ ಹತ್ತಿರ ನನ್ನ ಭಾವನ ತೋಟ ಇದೆ. ಅವನ ಹತ್ತಿರವೂ ನನ್ನದೇ ಮಾದರಿಯ ಗಾಡಿ. ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ತೆಗೆದುಕೊಂಡದ್ದು. ದೇವಿಮನೆ ಘಟ್ಟ ಹತ್ತಿ ಅವನ ಮನೆಗೆ ಹೋದಾಗ ಎರಡನ್ನೂ ಅಂಗಳದಲ್ಲಿ ಪಕ್ಕಪಕ್ಕ ನಿಲ್ಲಿಸಿ ಸ್ಕ್ರೂ ಬಿಚ್ಚಿ ನೋಡಿದೆವು. ನನ್ನ ಗಾಡಿಯ ಬಲ್ಬ್ ಹೋಲ್ಡರ್ ಒಳಗೆ ಹಸಿರು ಬೂಸ್ಟು ಹಿಡಿದಂತೆ ಪುಡಿ. ಅವನದ್ದು ಇನ್ನೂ ಹಿತ್ತಾಳೆ ಬಣ್ಣದಲ್ಲೇ ಇತ್ತು. "ದಿನಾ ಸಮುದ್ರದಲ್ಲಿ ಮೀಯಿಸ್ತ್ಯಾ ಎಂತದು?" ಅಂತ ನಕ್ಕ.

ಆದರೆ ಅವನ ಇಂಡಿಕೇಟರ್‌ಗಳು ಹೊರಗಿನಿಂದ ನೋಡಲು ಯುದ್ಧಕ್ಕೆ ಹೋಗಿ ಬಂದವರ ಹಾಗಿದ್ದವು. ಒಂದಕ್ಕೆ ಸೈಕಲ್ ಟ್ಯೂಬ್ ಸುತ್ತಿದ್ದ. ಇನ್ನೊಂದರ ಬುಡಕ್ಕೆ ಎಂ-ಸೀಲ್. ಮುಂದಿನ ಎಡಗಡೆಯದಕ್ಕೆ ಗ್ಲಾಸೇ ಇರಲಿಲ್ಲ, ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಟೇಪ್ ಹಚ್ಚಿದ್ದ. ಕಾರಣ ಕೇಳುವುದೇ ಬೇಡ. ಅಡಿಕೆ ಚೀಲ ಅಡ್ಡಡ್ಡ ಕಟ್ಟುತ್ತಾನೆ, ಅದು ಹಿಂದಿನ ಇಂಡಿಕೇಟರ್ ಹಿಡಿದ ಕಾಂಡಗಳನ್ನು ಕೆಳಕ್ಕೆ ಒತ್ತುತ್ತದೆ. ತೋಟದ ಬೇಲಿಯ ದಣಪೆ ದಾಟುವಾಗ ತಾಗುತ್ತದೆ. ತೋಟದ ದಾರಿಯಲ್ಲಿ ಕೆಂಪು ಮಣ್ಣಿಗೆ ಜಾರಿ ನಿಧಾನವಾಗಿ ಮಲಗುತ್ತದೆ. ಗಾಡಿ ಮಲಗಿದರೆ ಮೊದಲು ನೆಲ ಮುಟ್ಟುವವರಲ್ಲಿ ಇಂಡಿಕೇಟರ್ ಒಂದು, ಯಾಕೆಂದರೆ ಅದು ಇರುವುದೇ ಹೊರಕ್ಕೆ ಚಾಚಿಕೊಂಡು. ಹಳೆಯ ಕಾಲದ ಗಾಡಿಗಳಲ್ಲಿ ಈ ಕಾಂಡ ಲೋಹದ್ದಾಗಿತ್ತು, ಬಿದ್ದರೆ ಬಾಗುತ್ತಿತ್ತು ಅಥವಾ ಮಡ್‌ಗಾರ್ಡನ್ನೇ ಎಳೆಯುತ್ತಿತ್ತು. ಈಗ ಹೆಚ್ಚಿನವಕ್ಕೆ ರಬ್ಬರ್ ಕಾಂಡ. ಬಿದ್ದರೆ ಬಾಗಿ ಎದ್ದು ನಿಲ್ಲಲಿ ಅಂತ. ಒಳ್ಳೆಯ ಉಪಾಯವೇ. ಆದರೆ ವರ್ಷಗಟ್ಟಲೆ ಬಿಸಿಲು ತಿಂದ ರಬ್ಬರ್ ಒಣಗಿ ಬಿರುಕು ಬಿಡುತ್ತದೆ, ಆಮೇಲೆ ತಲೆ ಜೋತು ಬೀಳುತ್ತದೆ. ಇಂಡಿಕೇಟರ್ ನೆಲ ನೋಡಿಕೊಂಡು ಮಿಣುಕುವ ಗಾಡಿಗಳನ್ನು ನೀವೂ ನೋಡಿರುತ್ತೀರಿ.

ಒಟ್ಟಿನಲ್ಲಿ ಶಿರಸಿಯಲ್ಲಿ ಮುರಿಯುತ್ತದೆ, ಇಲ್ಲಿ ಕೊಳೆಯುತ್ತದೆ. ಮುರಿದದ್ದು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಭಾವ ಟ್ಯೂಬಾದರೂ ಸುತ್ತುತ್ತಾನೆ. ಕೊಳೆತದ್ದು ಹೊರಗಿನಿಂದ ಹೊಚ್ಚ ಹೊಸದರಂತೆ ಕಾಣುತ್ತದೆ.

"ಬಲ್ಬ್ ಸರೀನೇ ಅದೆ"

ಅಂಕೋಲಾದಲ್ಲಿ ನಾನು ಹೋಗುವ ಗ್ಯಾರೇಜು ಒಂದು ತಗಡಿನ ಶೆಡ್. ಮುಂದೆ ಎಣ್ಣೆ ಕುಡಿದು ಕಪ್ಪಾದ ಮಣ್ಣು. ಅಲ್ಲಿಯ ಅಣ್ಣ ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಆದರೂ ನನ್ನನ್ನು ಮಾಸ್ತರ್ರೆ ಅಂತಲೇ ಕರೆಯುವುದು. ಒಂದು ಜುಲೈ ಮಧ್ಯಾಹ್ನ, ಮಳೆಯಿಂದ ಶೆಡ್ಡಿನೊಳಗೆ ಮಾತೇ ಕೇಳುತ್ತಿರಲಿಲ್ಲ. ಹೊಸ ಬಲ್ಬ್ ಹಾಕಿಸಿಕೊಂಡು ಹೋಗೋಣ ಅಂತ ಬಂದಿದ್ದೆ. ಅವರು ಬಲ್ಬ್ ಬಿಚ್ಚಿ, ಬ್ಯಾಟರಿಗೆ ಎರಡು ವೈರಿನಿಂದ ಮುಟ್ಟಿಸಿದರು. ಭಗ್ ಅಂತ ಹತ್ತಿತು. "ಬಲ್ಬ್ ಸರೀನೇ ಅದೆ ಮಾಸ್ತರ್ರೆ. ಅರ್ಥ್ ಬರೂದಿಲ್ಲ."

ಆಮೇಲೆ ಅವರು ಮಾಡಿದ್ದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿಕೊಟ್ಟಿದ್ದೇನೆ, ಆದರೆ ಅಷ್ಟು ಚೆನ್ನಾಗಿ ಅಲ್ಲ. ಬಲ್ಬನ್ನು ಮತ್ತೆ ಹೋಲ್ಡರಿಗೆ ಹಾಕಿದರು. ಇಂಡಿಕೇಟರ್ ಸ್ವಿಚ್ ಒತ್ತಿದರು. ಮಂಕು ಬೆಳಕು. ಒಂದು ತುಂಡು ವೈರ್ ತೆಗೆದು ಒಂದು ತುದಿ ಬ್ಯಾಟರಿಯ ಮೈನಸ್‌ಗೆ ಹಿಡಿದು, ಇನ್ನೊಂದು ತುದಿಯನ್ನು ಬಲ್ಬಿನ ಹಿತ್ತಾಳೆ ಕೊಳವೆಗೆ ಮುಟ್ಟಿಸಿದರು. ತಕ್ಷಣ ಪೂರ್ತಿ ಬೆಳಕು. ಅಂದರೆ ಕರೆಂಟು ಬಲ್ಬಿನವರೆಗೆ ಸರಿಯಾಗಿ ಬರುತ್ತಿದೆ, ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಅದೇ ಅರ್ಥ್, ಕೆಟ್ಟಿದೆ. ಹೋಂಡಾ ಮೂಲದ ವೈರಿಂಗ್ ಇರುವ ಗಾಡಿಗಳಲ್ಲಿ ಎಡಕ್ಕೆ ಕಿತ್ತಳೆ, ಬಲಕ್ಕೆ ತಿಳಿನೀಲಿ, ಅರ್ಥ್‌ಗೆ ಹಸಿರು. ಎಲ್ಲರೂ ಬಣ್ಣದ ವೈರನ್ನೇ ಅನುಮಾನಿಸುತ್ತಾರೆ. ಈ ಹಸಿರು ವೈರಿನ ಕಡೆ ನೋಡುವವರು ಕಡಿಮೆ.

ಇಲ್ಲಿ ಲೆಕ್ಕ ಸ್ವಲ್ಪ ಹೇಳಬೇಕು. ನಮ್ಮ ಸಣ್ಣ ಬೈಕುಗಳ ಇಂಡಿಕೇಟರ್ ಬಲ್ಬ್ ಸಾಮಾನ್ಯವಾಗಿ 12 ವೋಲ್ಟ್, 10 ವ್ಯಾಟ್. ಅದರಲ್ಲಿ ಹರಿಯುವ ಕರೆಂಟು ಒಂದು ಆಂಪಿಯರ್‌ಗಿಂತ ಕಡಿಮೆ. ಉಪ್ಪು ತಿಂದ ಹೋಲ್ಡರಿನಲ್ಲಿ ಒಂದೆರಡು ಓಮ್ ಪ್ರತಿರೋಧ ಹುಟ್ಟಿಕೊಂಡರೆ ಸಾಕು, ಒಂದು ವೋಲ್ಟಿಗೂ ಜಾಸ್ತಿ ಅಲ್ಲೇ ಕಳೆದುಹೋಗುತ್ತದೆ. ಒಂದು ವೋಲ್ಟ್ ತಾನೇ ಅನ್ನಬೇಡಿ. ಫಿಲಮೆಂಟ್ ಬಲ್ಬಿನ ಗುಣವೇ ಹಾಗೆ: ವೋಲ್ಟೇಜ್ ನೂರಕ್ಕೆ 10ರಷ್ಟು ಇಳಿದರೆ ಬೆಳಕು ನೂರಕ್ಕೆ 30ರಷ್ಟು ಇಳಿಯುತ್ತದೆ. ಮಳೆಯ ಸಂಜೆಗೆ ಅಷ್ಟು ಇಳಿದರೆ ಇದ್ದೂ ಇಲ್ಲದ ಹಾಗೆ.

ಉಪ್ಪು ಯಾಕೆ ಇಷ್ಟು ಕೆಡಿಸುತ್ತದೆ? ಹೋಲ್ಡರಿನೊಳಗೆ ಒಂದೇ ಲೋಹ ಇಲ್ಲ. ಬಲ್ಬಿನ ಕೊಳವೆ ಹಿತ್ತಾಳೆ, ತುದಿಯ ಗುಂಡಿ ಸೋಲ್ಡರ್, ಹೋಲ್ಡರ್ ಲೇಪ ಹಚ್ಚಿದ ಕಬ್ಬಿಣ, ಒಳಗೆ ಸ್ಪ್ರಿಂಗ್. ಬೇರೆ ಬೇರೆ ಲೋಹಗಳ ನಡುವೆ ಉಪ್ಪು ನೀರು ನಿಂತರೆ ಅಲ್ಲೇ ಒಂದು ಪುಟಾಣಿ ಬ್ಯಾಟರಿ ತಯಾರು. ಒಂದು ಲೋಹ ಇನ್ನೊಂದಕ್ಕಾಗಿ ಕರಗುತ್ತದೆ. ತಾಮ್ರ ಇರುವ ಕಡೆ ಹಸಿರು ಪುಡಿ, ಕಬ್ಬಿಣ ಇರುವ ಕಡೆ ಕೆಂಪು. ಮಳೆ ನೀರು ಮಾತ್ರ ಆಗಿದ್ದರೆ ಇಷ್ಟು ಬೇಗ ಆಗುವುದಿಲ್ಲ. ಶಿರಸಿಯಲ್ಲೂ ಮಳೆ ಕಡಿಮೆಯೇನಲ್ಲ ಅಲ್ವಾ? ಇಲ್ಲಿ ಗಾಳಿಯಲ್ಲೇ ಉಪ್ಪಿದೆ. ಸಾಣಿಕಟ್ಟಾದಲ್ಲಿ ಗದ್ದೆ ಮಾಡಿ ಉಪ್ಪು ತೆಗೆಯುವ ಊರು ನಮ್ಮದು, ನಮ್ಮ ಗಾಡಿಗಳೊಳಗೆ ಅದು ಪುಕ್ಕಟೆ ತಯಾರಾಗುತ್ತದೆ.

ಅಣ್ಣ ಪಾಲಿಷ್ ಪೇಪರ್ ಸುರುಳಿ ಸುತ್ತಿ ಹೋಲ್ಡರಿನೊಳಗೆ ತಿರುಗಿಸಿದರು. ಸ್ಪ್ರಿಂಗ್ ಸ್ವಲ್ಪ ಮೇಲೆಳೆದರು. ಬಲ್ಬಿನ ತುದಿಯ ಸೋಲ್ಡರ್ ಸವೆದು ಚಪ್ಪಟೆಯಾಗಿತ್ತು, ಅದರ ಮೇಲೆ ಹೊಸ ಹನಿ ಇಟ್ಟರು. ಹಸಿರು ವೈರಿನ ತುದಿ ಕತ್ತರಿಸಿ, ಒಳಗೆ ಕೆಂಪು ತಾಮ್ರ ಕಾಣುವವರೆಗೆ ಸುಲಿದು, ಮತ್ತೆ ಜೋಡಿಸಿದರು. ಕೊನೆಗೆ ಒಂದು ಹಳೆಯ ಡಬ್ಬಿಯಿಂದ ವ್ಯಾಸಲೀನ್ ತೆಗೆದು ಎಲ್ಲಕ್ಕೂ ತೆಳುವಾಗಿ ಸವರಿದರು. ಅದು ಕರೆಂಟು ಹರಿಸುವುದಿಲ್ಲ, ಆದರೆ ಲೋಹಕ್ಕೆ ಲೋಹ ಒತ್ತಿ ಕೂತಲ್ಲಿಂದ ಪಕ್ಕಕ್ಕೆ ಸರಿಯುತ್ತದೆ, ಸುತ್ತಲಿನ ನೀರನ್ನು ತಡೆಯುತ್ತದೆ.

ಆಗ ಅವರು ಗ್ಲಾಸ್ ತಿರುಗಿಸಿ ಒಂದು ಜಾಗ ತೋರಿಸಿದರು. ಅಂಚಿನಲ್ಲಿ ಸಣ್ಣ ಕಚ್ಚು. "ಇದು ಕೆಳಗೆ ಬರಬೇಕು. ನಿಮ್ದು ಮೇಲೆ ಅದೆ." ಯಾವಾಗಲೋ ಯಾರೋ ಬಲ್ಬ್ ಬದಲಿಸುವಾಗ ಗ್ಲಾಸನ್ನು ತಲೆಕೆಳಗೆ ಕೂರಿಸಿದ್ದರು. ಒಳಗೆ ಸೇರಿದ ನೀರು ಇಳಿದುಹೋಗಲಿ ಅಂತ ಕೊಟ್ಟ ದಾರಿಯೇ ನೀರು ಒಳಗೆ ಬರುವ ದಾರಿಯಾಗಿತ್ತು. ಇನ್ನು ಕೆಲವರು ನೀರು ಬರುತ್ತದೆ ಅಂತ ಸುತ್ತಲೂ ಸಿಲಿಕಾನ್ ಹಚ್ಚಿ ಆ ಕಚ್ಚನ್ನೂ ಮುಚ್ಚುತ್ತಾರಂತೆ. ಹಗಲು ಬಿಸಿಯಾದಾಗ ಒಳಗಿನ ಗಾಳಿ ಹೊರಗೆ ಹೋಗುತ್ತದೆ, ತಣ್ಣಗಾದಾಗ ವೈರಿನ ಸಂದಿಯಿಂದ ತೇವ ಎಳೆದುಕೊಳ್ಳುತ್ತದೆ, ಮತ್ತೆ ಹೊರಗೆ ಹೋಗಲು ದಾರಿಯಿಲ್ಲ.

ಯಾಕೆ ಯಾವಾಗಲೂ ಬಲಗಡೆಯದೇ ಅಂತ ಕೇಳಿದೆ. ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಗಾಡಿ ಎಡಕ್ಕೆ ವಾಲುತ್ತದೆ. ಎಡಗಡೆಯ ಇಂಡಿಕೇಟರ್‌ನಲ್ಲಿ ನೀರು ಹೊರತುದಿಗೆ ಹೋಗುತ್ತದೆ. ಬಲಗಡೆಯದರಲ್ಲಿ ಒಳಕ್ಕೆ, ಕಾಂಡದ ಬುಡಕ್ಕೆ, ವೈರ್ ಇರುವ ಕಡೆಗೇ ಇಳಿಯುತ್ತದೆ. ಇದು ಅಣ್ಣನ ವಿವರಣೆ. ಇದಕ್ಕೆ ನನ್ನದೂ ಒಂದು ಸೇರಿಸುತ್ತೇನೆ: ನಾವು ಎಡಗಡೆ ಓಡಿಸುವವರು, ನಮ್ಮನ್ನು ಹಿಂದೆ ಹಾಕುವ ಬಸ್ಸು, ಲಾರಿ ಎರಚುವ ನೀರೆಲ್ಲ ಬಲಗಡೆಗೇ. ಅವತ್ತಿನಿಂದ ಮಳೆಗಾಲದಲ್ಲಿ ನಾನು ಸೆಂಟರ್ ಸ್ಟ್ಯಾಂಡ್ ಹಾಕುತ್ತೇನೆ.

ಗಡಿಬಿಡಿಯ ಮಿಣುಕು

ಇಂಡಿಕೇಟರ್ ನಿಮಿಷಕ್ಕೆ 60ಕ್ಕಿಂತ ಕಡಿಮೆ, 120ಕ್ಕಿಂತ ಜಾಸ್ತಿ ಮಿಣುಕಬಾರದು ಅಂತ ಕೇಂದ್ರ ಮೋಟಾರು ವಾಹನ ನಿಯಮಗಳು, 1989 ಹೇಳುತ್ತವೆ. ಈ ತಾಳ ಕೊಡುವುದು ಸೀಟಿನ ಕೆಳಗೋ ಹೆಡ್‌ಲೈಟ್ ಹಿಂದೆಯೋ ಇರುವ ಫ್ಲಾಷರ್. ಅದು ಬಲ್ಬುಗಳು ಎಳೆಯುವ ಕರೆಂಟಿನ ಲೆಕ್ಕ ಇಟ್ಟುಕೊಂಡಿರುತ್ತದೆ. ಒಂದು ಬದಿಗೆ ಎರಡು ಬಲ್ಬ್ ಅಂದರೆ 20 ವ್ಯಾಟ್. ಅದರಲ್ಲೊಂದು ಸುಟ್ಟರೆ ಎಲೆಕ್ಟ್ರಾನಿಕ್ ಫ್ಲಾಷರ್ ಗಡಿಬಿಡಿಯಿಂದ ಟಿಕಟಿಕ ಮಿಣುಕಲು ಶುರು ಮಾಡುತ್ತದೆ. ಇದು ಕೆಟ್ಟುಹೋದದ್ದಲ್ಲ. ನಿನ್ನ ಕಣ್ಣಿಗೆ ಕಾಣದ ದೀಪ ಹೋಗಿದೆ ಅಂತ ಗಾಡಿ ಓಡಿಸುವವನಿಗೆ ಹೇಳುತ್ತಿರುವುದು. ಬಹಳ ಜನ ಫ್ಲಾಷರ್ ಹಾಳಾಯಿತು ಅಂತ ಅದನ್ನೇ ಬದಲಿಸಿಬಿಡುತ್ತಾರೆ.

ಹಳೆಯ ಬಿಸಿಪಟ್ಟಿ ಫ್ಲಾಷರುಗಳದ್ದು ಬೇರೆ ಸ್ವಭಾವ. ಅದರಲ್ಲಿ ಕರೆಂಟಿನ ಬಿಸಿಗೆ ಲೋಹದ ಪಟ್ಟಿ ಬಾಗಿ, ಸಂಪರ್ಕ ಕಡಿದು, ತಣ್ಣಗಾಗಿ ಮತ್ತೆ ಕೂಡುತ್ತದೆ. ಒಂದು ಬಲ್ಬ್ ಹೋದರೆ ಪಟ್ಟಿಗೆ ಬಿಸಿ ಸಾಲುವುದಿಲ್ಲ, ಉಳಿದ ದೀಪ ಮಿಣುಕದೆ ಸುಮ್ಮನೆ ಉರಿದುಕೊಂಡಿರುತ್ತದೆ. ಅದೂ ಒಂದು ಸುದ್ದಿಯೇ.

ಆದರೆ ನಮ್ಮ ಉಪ್ಪು ಈ ಲೆಕ್ಕವನ್ನೂ ತಪ್ಪಿಸುತ್ತದೆ. ಫಿಲಮೆಂಟ್ ಕಡಿದರೆ ಕರೆಂಟು ಪೂರ್ತಿ ನಿಲ್ಲುತ್ತದೆ, ಫ್ಲಾಷರ್‌ಗೆ ಗೊತ್ತಾಗುತ್ತದೆ. ಹೋಲ್ಡರ್ ಕೊಳೆತರೆ ಅರ್ಧಂಬರ್ಧ ಕರೆಂಟು ಹರಿಯುತ್ತಲೇ ಇರುತ್ತದೆ, ತಾಳ ಬದಲಾಗುವುದೇ ಇಲ್ಲ. ಅವರ್ಸಾದಲ್ಲಿ ಸಿಕ್ಕ ಅಣ್ಣನ ಗಾಡಿಯ ಟಿಕ್ ಟಿಕ್ ಸರಿಯಾಗಿಯೇ ಇತ್ತು.

ಎಲ್‌ಇಡಿ ಹಾಕಿಸಿಬಿಡು ಅನ್ನುವವರಿಗೆ

ನಾನು ಈ ಪುರಾಣ ಹೇಳಿದರೆ ಎಲ್ಲರೂ ಕೊಡುವ ಸಲಹೆ ಇದೇ. ಹಾಕಿಸಿಬಿಡು, ಜೀವಮಾನಕ್ಕೆ ಆಯಿತು. ಡಬ್ಬಿಯ ಮೇಲೆ ಹತ್ತಾರು ಸಾವಿರ ಗಂಟೆ ಅಂತ ಬರೆದಿರುತ್ತಾರೆ. ಸ್ವಲ್ಪ ಲೆಕ್ಕ ಹಾಕಿ. ದಿನಕ್ಕೆ ಐದು ನಿಮಿಷ ಇಂಡಿಕೇಟರ್ ಹಾಕುತ್ತೀರಿ ಅಂದುಕೊಳ್ಳೋಣ. ವರ್ಷಕ್ಕೆ ಸುಮಾರು 30 ಗಂಟೆ. ಅದರಲ್ಲೂ ಅರ್ಧ ಹೊತ್ತು ದೀಪ ಆರಿರುತ್ತದೆ. ಸಾಮಾನ್ಯ ಬಲ್ಬೇ ವರ್ಷಗಟ್ಟಲೆ ಬರಬೇಕು. ಬಲ್ಬನ್ನು ಕೊಲ್ಲುವುದು ಉರಿಯುವ ಗಂಟೆಗಳಲ್ಲ. ಗುಂಡಿ ರಸ್ತೆಯ ಕುಲುಕಾಟ, ತಣ್ಣಗಿನ ಫಿಲಮೆಂಟಿಗೆ ಪ್ರತಿ ಮಿಣುಕಿಗೂ ಬೀಳುವ ಕರೆಂಟಿನ ಹೊಡೆತ, ಮತ್ತೆ ಕೆಲವೊಮ್ಮೆ ವೋಲ್ಟೇಜನ್ನು ಹದದಲ್ಲಿಡಬೇಕಾದ ರೆಗ್ಯುಲೇಟರ್ ಕೆಟ್ಟಿರುವುದು. ನಾಲ್ಕೂ ಕಡೆ ಪದೇಪದೇ ಬಲ್ಬ್ ಹೋಗುತ್ತಿದ್ದರೆ ಬಲ್ಬಿನ ಕಂಪನಿಯನ್ನು ಬೈಯುವ ಮೊದಲು ಚಾರ್ಜಿಂಗ್ ವೋಲ್ಟೇಜ್ ನೋಡಿಸಿ. 15 ದಾಟುತ್ತಿದ್ದರೆ ರೋಗ ಅಲ್ಲಿದೆ.

ಎಲ್‌ಇಡಿ ಕುಲುಕಾಟಕ್ಕೆ ಜಗ್ಗುವುದಿಲ್ಲ, ಅದನ್ನು ಒಪ್ಪುತ್ತೇನೆ. ಶಿರಸಿಯ ಭಾವ ಹಾಕಿಸಿಯೇಬಿಟ್ಟ. ಹಾಕಿಸಿದ ದಿನವೇ ಫೋನು. ಎಡಕ್ಕೆ ಸ್ವಿಚ್ ಒತ್ತಿದರೆ ನಾಲ್ಕೂ ಮಿಣುಕುತ್ತವೆ! ಅವನ ಗಾಡಿಯ ಮೀಟರ್‌ನಲ್ಲಿ ಎರಡೂ ಬದಿಗೆ ಸೇರಿ ಒಂದೇ ಸಣ್ಣ ದೀಪ. ಅಂಥ ಗಾಡಿಗಳಲ್ಲಿ ಆ ದೀಪದ ಒಂದು ತುದಿ ಎಡಗಡೆಯ ವೈರಿಗೆ, ಇನ್ನೊಂದು ಬಲಗಡೆಯ ವೈರಿಗೆ ಇರುತ್ತದೆ. ಎಡ ಹಾಕಿದಾಗ ಕರೆಂಟು ಅದರ ಮೂಲಕ ಬಲಗಡೆಯ ಬಲ್ಬುಗಳಿಗೆ ಹೋಗಿ ಅರ್ಥ್ ಸೇರುತ್ತದೆ. ಆ ಚೂರು ಕರೆಂಟಿಗೆ 10 ವ್ಯಾಟಿನ ಬಲ್ಬ್ ಹತ್ತುವುದಿಲ್ಲ. ಎಲ್‌ಇಡಿ ಹತ್ತುತ್ತದೆ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಎರಡು ಹಾಕಿ, ಮೀಟರಿನ ದೀಪಕ್ಕೆ ಬೇರೆ ಅರ್ಥ್ ಕೊಟ್ಟರೆ ಮುಗಿಯಿತು. ನಾನೇ ಹೋಗಿ ಹಾಕಿ ಬಂದೆ, ಬದಲಿಗೆ ಒಳ್ಳೆಯ ತೊಡದೇವು ಸಿಕ್ಕಿತು.

ನನ್ನ ತಕರಾರು ಬೇರೆ ಕಡೆ ಇದೆ. ಎಲ್‌ಇಡಿ ಎಳೆಯುವ ಕರೆಂಟು ಕಡಿಮೆ, ಹಾಗಾಗಿ ಹಳೆಯ ಫ್ಲಾಷರ್ ಬಲ್ಬ್ ಹೋಗಿದೆ ಅಂತ ತಿಳಿದು ಗಡಿಬಿಡಿ ಮಾಡುತ್ತದೆ. ಅದಕ್ಕೆ ಅಂಗಡಿಯಲ್ಲಿ ಎಲ್‌ಇಡಿ ಫ್ಲಾಷರ್ ಕೊಡುತ್ತಾರೆ. ಅದು ಕರೆಂಟಿನ ಲೆಕ್ಕವನ್ನೇ ಇಡುವುದಿಲ್ಲ, ದೀಪ ಇರಲಿ ಬಿಡಲಿ ಒಂದೇ ತಾಳ. ಗಾಡಿ ನಮಗೆ ಸುದ್ದಿ ಮುಟ್ಟಿಸುವ ಒಂದೇ ಒಂದು ದಾರಿ ಇತ್ತು, ಅದನ್ನೂ ನಾವೇ ದುಡ್ಡು ಕೊಟ್ಟು ಮುಚ್ಚಿಸಿದ ಹಾಗಾಯಿತು. ಇನ್ನು ನಮ್ಮ ಉಪ್ಪಿಗೆ ಎಲ್‌ಇಡಿ ಏನು, ಬಲ್ಬ್ ಏನು? ಒಳಗಿನ ಸರ್ಕ್ಯೂಟ್ ಹಲಗೆಯ ಬೆಸುಗೆಯನ್ನೂ ಅದು ತಿನ್ನುತ್ತದೆ. ಅಂಟು ಹಾಕಿ ಮುಚ್ಚಿದ ಡಬ್ಬಿ, ಪಾಲಿಷ್ ಪೇಪರ್ ಎಲ್ಲಿ ತೂರಿಸುವುದು? ಗ್ಯಾರೇಜಿನ ಅಣ್ಣ ಇದನ್ನು ನನಗಿಂತ ಚೆನ್ನಾಗಿ ಹೇಳಿದರು: "ಹಾಳಾಗೂದು ಕಮ್ಮಿ ಖರೆ. ಹಾಳಾದ್ರೆ ಮಾಡೂಕೆ ಎಂತದೂ ಇಲ್ಲ, ಬಿಸಾಡೂದೇಯ."

ಹಾಗಾಗಿ ನನ್ನ ಗಾಡಿಯಲ್ಲಿ ಬಲ್ಬೇ ಇದೆ, ಹಳೆಯ ಫ್ಲಾಷರೇ ಇದೆ. ಮೇ ಕೊನೆಗೆ ನಾಲ್ಕನ್ನೂ ಬಿಚ್ಚಿ ಒರೆಸಿ ವ್ಯಾಸಲೀನ್ ಹಚ್ಚುತ್ತೇನೆ, ಮಳೆಗಾಲದ ನಡುವೆ ಹಿಂದಿನ ಎರಡನ್ನು ಮತ್ತೊಮ್ಮೆ. ಅರ್ಧ ಗಂಟೆಯ ಕೆಲಸ. ಗ್ಲಾಸ್ ಒಡೆದರೆ ಅಣ್ಣನ ಹತ್ತಿರ ಗುಜರಿಗೆ ಹೋದ ಗಾಡಿಗಳಿಂದ ಬಿಚ್ಚಿಟ್ಟದ್ದು ಒಂದು ಡಬ್ಬಿ ತುಂಬ ಇದೆ. ಹೊಸ ಮಾದರಿಗಳಲ್ಲಿ ಗ್ಲಾಸ್ ಮಾತ್ರ ಬೇಕು ಅಂದರೆ ಎಷ್ಟೋ ಕಡೆ ಸಿಗುವುದಿಲ್ಲ, ಇಡೀ ಸೆಟ್ಟೇ ತೆಗೆದುಕೊಳ್ಳಿ ಅನ್ನುತ್ತಾರೆ. ಒಂದು ಮಾತು ನೆನಪಿರಲಿ, 10 ವ್ಯಾಟಿನ ಜಾಗಕ್ಕೆ ಜಾಸ್ತಿ ಬೆಳಕು ಬರಲಿ ಅಂತ 21 ವ್ಯಾಟ್ ಹಾಕಬೇಡಿ, ಬಿಸಿಗೆ ಗ್ಲಾಸ್ ಸೊಟ್ಟಗಾಗುತ್ತದೆ.

ಬಿಚ್ಚಲು ಪುರುಸೊತ್ತಿಲ್ಲದವರಿಗೆ ಇನ್ನೂ ಸುಲಭದ್ದು ಒಂದಿದೆ. ರಾತ್ರಿ ಯಾವುದಾದರೂ ಮುಚ್ಚಿದ ಅಂಗಡಿಯ ಶಟರಿಗೆ ಬೆನ್ನು ಮಾಡಿ ಗಾಡಿ ನಿಲ್ಲಿಸಿ. ಎಡ ಒಮ್ಮೆ, ಬಲ ಒಮ್ಮೆ ಹಾಕಿ, ಕನ್ನಡಿಯಲ್ಲಿ ನೋಡಿ. ಎರಡೂ ಬದಿ ಶಟರಿನ ಮೇಲೆ ಒಂದೇ ಸಮ ಕಿತ್ತಳೆ ಬಿದ್ದರೆ ಸರಿ ಇದೆ. ಒಂದು ಮಂಕಾಗಿದ್ದರೆ ಬಲ್ಬ್ ತರಲು ಓಡಬೇಡಿ, ಮೊದಲು ಅರ್ಥ್ ನೋಡಿಸಿ. ಹಾಗೇ ಬ್ರೇಕ್ ಲೈಟನ್ನೂ ಒಮ್ಮೆ ಒತ್ತಿ ನೋಡಿಬಿಡಿ.